ಎಡಗಾಲಿನ ಕಡಗ

ಕಾಲು ಗೋಡೆಗೆ ಒರಗಿ ನಿಂತಿತ್ತು. ಬಚ್ಚಲುಮನೆಯಲ್ಲಿ ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳುತ್ತಿತ್ತು. ಬಕೆಟ್ಟು ತುಂಬುವುದಕ್ಕೆ ಇಷ್ಟು ಹೊತ್ತು, ಕಲ್ಮೇಶ ಸ್ಟೂಲಿನ ಮೇಲೆ ಕೂತು ಸ್ನಾನ ಮುಗಿಸುವುದಕ್ಕೆ ಇಷ್ಟು ಹೊತ್ತು, ಗೋಡೆಯ ಕಂಬಿ ಹಿಡಿದು ಎದ್ದು ಮೈ ಒರೆಸಿಕೊಳ್ಳುವುದಕ್ಕೆ ಇಷ್ಟು ಹೊತ್ತು ಎಂದು ಬಸವರಾಜೇಶ್ವರಿ ಒಂದು ವಾರದಿಂದ ಮನಸ್ಸಿನಲ್ಲೇ ಅಳೆದಿಟ್ಟುಕೊಂಡಿದ್ದಳು. ಹಾಲಿನ ಉರಿ ಸಣ್ಣ ಮಾಡಿ ಬಂದು ಮಗನ ಮಂಚದ ಪಕ್ಕ ನೆಲಕ್ಕೆ ಕೂತಳು. ಕಾಲಿಗೆ ರಾತ್ರಿಯೇ ಬೂದು ಬಣ್ಣದ ಕಾಲುಚೀಲ ಹಾಕಿ, ಕಪ್ಪು ಬೂಟು ತೊಡಿಸಿ, ದಾರ ಕಟ್ಟಿಟ್ಟಿದ್ದ. ತೊಡಿಸಿ ಎಂಬ ಮಾತು ಅವಳಿಗೆ ತೊಡರಿತು. ತೊಡಿಸುವುದು ಇನ್ನೊಬ್ಬರ ಕಾಲಿಗಲ್ಲವೇ. ದಾರ ಬಿಚ್ಚಿ ಬೂಟು ತೆಗೆದಳು. ಕಾಲುಚೀಲವನ್ನು ಕೆಳಗೆ ಸರಿಸಿ, ಪಾದದ ರಬ್ಬರ್ ಕವಚದ ಅಂಚಿಗೆ ಚಮಚದ ಹಿಡಿಯನ್ನು ತೂರಿಸಿ ಮೀಟಿದಳು. ಹಿಮ್ಮಡಿಯ ಹತ್ತಿರ ಒಳಗೆ ಟೊಳ್ಳು ಇರುವುದನ್ನು ಅವನು ಕಾಲು ಒರೆಸುವಾಗ ನೋಡಿದ್ದಳು. ಸೆರಗಿನ ತುದಿಯಿಂದ ಗಂಟು ಬಿಚ್ಚಿದಳು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕ, ಬಿಳಿ ಬಟ್ಟೆಯ ಚಪ್ಪಟೆ ಗಂಟು. ಒಳಗೆ ಕುಟ್ಟಿದ ವಿಭೂತಿ, ಗಂಡನ ಸಮಾಧಿಯ ಮೇಲಿನ ಒಂದು ಚಿಟಿಕೆ ಮಣ್ಣು, ಕಲ್ಮೇಶ ಹನ್ನೊಂದು ತಿಂಗಳ ಮಗುವಾಗಿದ್ದಾಗ ಎಡಗಾಲಿಗೆ ಹಾಕಿದ್ದ ಬೆಳ್ಳಿಯ ಕಡಗ. ಗಂಟನ್ನು ಟೊಳ್ಳಿಗೆ ಒತ್ತಿ ಕವಚವನ್ನು ಮೊದಲಿನಂತೆ ಕೂರಿಸಿದಳು. ಬೂಟಿನ ದಾರವನ್ನು ಅವನು ಕಟ್ಟುವಂತೆಯೇ ಎರಡು ಸುತ್ತು ಹಾಕಿ ಕಟ್ಟಿದಳು. ಕಾಲನ್ನು ಮತ್ತೆ ಗೋಡೆಗೆ ಒರಗಿಸುವಾಗ ಅದು ತಾನಾಗಿಯೇ ಸ್ವಲ್ಪ ಹೊರಳಿ, ಪಾದದ ಹೊರ ಅಂಚನ್ನು ಮೊದಲು ಊರಿ, ಆಮೇಲೆ ಸರಿಯಾಗಿ ನಿಂತಿತು. ಅವಳು ಕೈ ಹಿಂದಕ್ಕೆಳೆದುಕೊಂಡಳು. ಅಡುಗೆಮನೆಯಲ್ಲಿ ಹಾಲು ಉಕ್ಕಿತ್ತು.

ಹಾಗೆ ಹೊರ ಅಂಚನ್ನು ಊರಿ ನಡೆಯುವುದು ಕಲ್ಮೇಶನ ಹುಟ್ಟು ನಡಿಗೆ. ಸ್ಕೂಲಿಗೆ ಹೋಗುವಾಗ ಎಡಗಾಲಿನ ಚಪ್ಪಲಿ ಮಾತ್ರ ಒಂದು ಕಡೆ ಸವೆದು ಹಾಳಾಗುತ್ತಿತ್ತು. ಬಸವೇಶ್ವರನಗರದ ಈ ಮನೆಯ ಕೆಂಪು ಗಾರೆ ನೆಲದ ಮೇಲೆ ಎಷ್ಟು ಜನರು ಓಡಾಡಿದರೂ ಅವನ ಎಡಗಾಲಿನ ಸದ್ದು ಅವಳಿಗೆ ಗೊತ್ತಾಗುತ್ತಿತ್ತು. ಆ ಕಾಲು ಈಗ ಇಲ್ಲ; ಮೊಣಕಾಲಿನ ಕೆಳಗೆ ಒಂದು ಗೇಣು ಬಿಟ್ಟು ಗಡಿಯ ಕಡೆ ಯಾವುದೋ ಸೈನ್ಯದ ಆಸ್ಪತ್ರೆಯಲ್ಲಿ ತೆಗೆದರು. ಆದರೆ ಅವನು ಮನೆಗೆ ಬಂದ ಮೇಲೆ, ಮಧ್ಯಾಹ್ನ ಊಟವಾಗಿ, ಅವನು ಕೃತಕ ಕಾಲನ್ನು ಬಿಚ್ಚಿಟ್ಟು ಮಲಗಿದ ಮೇಲೆ, ಅವಳು ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಾಗ ಆ ಸದ್ದು ಕೇಳಿಸಿತು. ನಡುಮನೆಯಲ್ಲಿ, ಬರಿಗಾಲಿನ ಒಂದು ಹೆಜ್ಜೆ. ಆಮೇಲೆ ಬಲಗಾಲು ಬೀಳಬೇಕಾದ ಹೊತ್ತು ಸುಮ್ಮನೆ ಕಳೆಯಿತು. ಆಮೇಲೆ ಮತ್ತೆ ಒಂದು ಹೆಜ್ಜೆ. ಎದ್ದು ಹೋಗಿ ನೋಡಿದರೆ ಕಲ್ಮೇಶ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದ, ಕಾಲು ಗೋಡೆಯ ಹತ್ತಿರ ಇಟ್ಟಲ್ಲೇ ಇತ್ತು. ಮಾರನೆಯ ದಿನವೂ ಅದೇ ಹೊತ್ತಿಗೆ. ಒಂದು ದಿನ ಬಚ್ಚಲುಮನೆಯ ಬಾಗಿಲ ಮುಂದೆ ಒಂದೇ ಒಂದು ಒದ್ದೆ ಹೆಜ್ಜೆ ಇತ್ತು. ಎಡವೋ ಬಲವೋ ಎಂದು ನೋಡುವ ಮೊದಲೇ ಅವಳ ಕೈ ಒರೆಸುವ ಬಟ್ಟೆಯನ್ನು ಎಳೆದುಬಿಟ್ಟಿತ್ತು. ನೋಡಬೇಕಾಗಿತ್ತು ಎಂದು ಆಮೇಲೆ ಅನ್ನಿಸಿತು. ನೋಡದೆ ಒರೆಸಿಬಿಡುವುದು ತನ್ನ ಕೈಗೆ ಹತ್ತಿದ ಚಾಳಿ ಎಂದೂ ಅನ್ನಿಸಿತು.

ಆವತ್ತು ಫೋನು ಬಂದಾಗಲೂ ಕೈಯಲ್ಲಿ ಹಿಟ್ಟಿತ್ತು. ರೊಟ್ಟಿ ತಟ್ಟುತ್ತಿದ್ದಳು. ಆ ಕಡೆಯಿಂದ ಒಬ್ಬ ಹೆಂಗಸು, ಸೈನ್ಯದ ನರ್ಸು, ಕನ್ನಡ ಬಲ್ಲವಳು, ನಿಧಾನವಾಗಿ ಹೇಳಿದಳು: ಮಗ ಬದುಕಿದ್ದಾನೆ, ಇನ್ನೂ ಎಚ್ಚರವಾಗಿಲ್ಲ, ಕಾಲು ತೆಗೆಯಬೇಕಾಯಿತು, ನೆಲಬಾಂಬಿನ ಕಬ್ಬಿಣದ ಚೂರುಗಳೆಲ್ಲ ಆ ಕಾಲಿನಲ್ಲೇ ಉಳಿದವು, ಮೇಲಕ್ಕೆ ಹೋಗಲಿಲ್ಲ, ಅದೃಷ್ಟ. ಆಮೇಲೆ ಸ್ವಲ್ಪ ತಡೆದು ಕೇಳಿದಳು. ಕೆಲವು ಮನೆಯವರು ತೆಗೆದ ಕಾಲನ್ನು ತಮ್ಮ ಪದ್ಧತಿ ಮಾಡುವುದಕ್ಕೆ ಕೇಳುತ್ತಾರೆ, ನಿಮಗೆ ಬೇಕಾ, ಇಲ್ಲ ನಾವೇ ಏನಾದರೂ ಮಾಡಿಬಿಡೋಣವಾ. ಬಸವರಾಜೇಶ್ವರಿಗೆ ಪ್ರಶ್ನೆ ಪೂರ್ತಿ ಅರ್ಥವಾಗಿತ್ತು. ಅರ್ಥವಾದ ಕ್ಷಣವೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಕಾಲು ಇದೇ ಅಡುಗೆಮನೆಯ ಕಟ್ಟೆಯ ಮೇಲೆ, ಹಿಟ್ಟಿನ ಪರಾತದ ಪಕ್ಕ ಬಂದು ಕೂತಂತೆ ಕಂಡಿತು. ಹೆತ್ತ ಮಗನ ಕಾಲು. ಎಣ್ಣೆ ಹಚ್ಚಿ ನೀವಿದ ಕಾಲು. ಅಸಹ್ಯವಾಯಿತು. ‘ನೀವೇ ಏನಾದ್ರೂ ಮಾಡ್ಬಿಡಿ’ ಎಂದಳು. ಫೋನಿಟ್ಟು, ಕೈಗೆ ಬೇರೆ ಕೆಲಸ ತೋಚದೆ, ಉಳಿದ ನಾಲ್ಕು ರೊಟ್ಟಿಗಳನ್ನೂ ತಟ್ಟಿ ಬೇಯಿಸಿದಳು. ನಾವೇ ಏನಾದರೂ ಮಾಡುವುದೆಂದರೆ ಸುಡುವುದು ಎಂದು ತಿಳಿದದ್ದು ಸಂಜೆ. ಅವರ ಮನೆತನದಲ್ಲಿ ಎರಡು ದಿನದ ಕೂಸನ್ನೂ ಸುಟ್ಟವರಿಲ್ಲ. ಗಂಡ ಗಂಗಾಧರಯ್ಯನನ್ನು ಆರು ವರ್ಷದ ಕೆಳಗೆ ರುದ್ರಭೂಮಿಯ ಗುಂಡಿಯಲ್ಲಿ ಪದ್ಮಾಸನ ಹಾಕಿ ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಕತ್ತಿನವರೆಗೆ ವಿಭೂತಿ ಗಟ್ಟಿಗಳನ್ನು ಜೋಡಿಸಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಕೂತವರು ಎದ್ದು ಓಡಾಡುವುದಿಲ್ಲ ಎಂದು ಅತ್ತೆ ಹೇಳುತ್ತಿದ್ದರು. ಕೂರದೆ ಹೋದವರ ವಿಷಯ ಅತ್ತೆ ಹೇಳಿರಲಿಲ್ಲ.

‘ಕಾಲು ಇವತ್ತು ಭಾರ ಇದೆ’ ಎಂದ ಕಲ್ಮೇಶ. ಟ್ಯಾಕ್ಸಿ ರಾಜಾಜಿನಗರ ದಾಟಿ ಯಶವಂತಪುರದ ಹತ್ತಿರ ಲಾರಿಗಳ ನಡುವೆ ನಿಂತಿತ್ತು. ಮಧ್ಯಾಹ್ನ ಒಂದು ಗಂಟೆಯ ವಿಮಾನಕ್ಕೆ ಇಬ್ಬರೂ ಬೆಳಗ್ಗೆ ಒಂಬತ್ತಕ್ಕೇ ಹೊರಟಿದ್ದರು. ಪುಣೆಯಲ್ಲಿ ಸೈನ್ಯದವರು ಅವನಿಗೆ ಹೊಸ ಕಾಲು ಮಾಡಿಕೊಡುವವರಿದ್ದರು. ಹಳೆಯದನ್ನು ಅಲ್ಲೇ ಬಿಟ್ಟು ಬರಬೇಕು. ಅದಕ್ಕೇ ಅವಳಿಗೆ ಅವಸರ. ಮನೆಯಲ್ಲಿ ಓಡಾಡುತ್ತಿರುವುದಕ್ಕೆ ಇದು ನಿನ್ನ ಜಾಗ ಎಂದು ಗುರುತು ತೋರಿಸಬೇಕು, ಅದು ಈ ಕಾಲಿನೊಳಗೆ ಬಂದು ಸೇರಿಕೊಳ್ಳಬೇಕು, ಇದರಿಂದ ಹೊಸ ಕಾಲಿಗೆ ದಾಟಬೇಕು. ಯಾರೂ ಹೇಳಿಕೊಟ್ಟದ್ದಲ್ಲ. ಐನೋರನ್ನು ಕೇಳಿದ್ದರೆ ಬೈಯುತ್ತಿದ್ದರೇನೋ.

‘ಬೂಟಿನ ಭಾರ ಇರ್ಬೇಕು ಕಣೋ.’

‘ನಿನ್ನೆ ಹಾಕಿದ್ದೂ ಇದೇ ಬೂಟು.’

‘ಹಂಗಾದ್ರೆ ತೂಕಡಿಕೆ. ಐದಕ್ಕೇ ಎದ್ದಿದೀಯ.’

‘ತೂಕಡಿಕೆ ತಲೆಗೆ ಬರುತ್ತೆ ಅಮ್ಮ, ಹಿಮ್ಮಡಿಗಲ್ಲ.’

ನಕ್ಕ. ಅವಳೂ ನಕ್ಕಳು. ಅವನು ಪ್ಯಾಂಟಿನ ಮೇಲಿನಿಂದ ಎಡ ಮೊಣಕಾಲನ್ನು ಸವರುತ್ತಿದ್ದ. ಒಂದು ಮಧ್ಯಾಹ್ನ ಅರೆನಿದ್ದೆಯಲ್ಲಿ ‘ಅಮ್ಮ, ಎಡಗಾಲಿನ ಹೆಬ್ಬೆಟ್ಟು ತುರಿಸು’ ಎಂದಿದ್ದ. ಬೆರಳಿಲ್ಲ ಕಣೋ ಎನ್ನಲು ಬಾಯಿ ಬರಲಿಲ್ಲ. ಮಂಚದ ತುದಿಯಲ್ಲಿ, ಹೆಬ್ಬೆಟ್ಟು ಇರಬೇಕಾದ ಕಡೆ, ಬರಿಯ ಹಾಸಿಗೆಯ ಮೇಲೆ ಉಗುರಾಡಿಸಿದಳು. ‘ಸ್ವಲ್ಪ ಕೆಳಗೆ’ ಎಂದ. ಕೆಳಗೆ ತುರಿಸಿದಳು. ‘ಹಾಂ’ ಎಂದು ಹೊರಳಿ ಮಲಗಿದ. ಕೈ ತೆಗೆಯುವಾಗ ಹಾಸಿಗೆಯ ಆ ಒಂದು ಜಾಗ ಮಾತ್ರ ಬೆಚ್ಚಗಿತ್ತು. ಕಿಟಕಿಯ ಬಿಸಿಲು ಅಲ್ಲಿಗೆ ಬರುತ್ತಿರಲಿಲ್ಲ.

ವಿಮಾನ ನಿಲ್ದಾಣದ ಬಾಗಿಲಲ್ಲಿ ಐವತ್ತು ದಾಟಿದ ಒಬ್ಬ ಗಾಲಿಕುರ್ಚಿ ಹಿಡಿದು, ಹವಾಲ್ದಾರ್ ಕಲ್ಮೇಶ್ ಎಂದು ಬರೆದ ಹಲಗೆಯನ್ನು ಎತ್ತಿಕೊಂಡು ನಿಂತಿದ್ದ. ಕಲ್ಮೇಶ ಹೆಜ್ಜೆ ತಡೆದು ನಿಂತ. ಮಹಡಿ ಮನೆಯ ಅನಘಾ ಫೋನಿನಲ್ಲಿ ಹುಡುಕಿ, ಗಾಯಗೊಂಡ ಸೈನಿಕರಿಗೆ ತಪಾಸಣೆಯ ಕಡೆ ಸಹಾಯ ಕೊಡುತ್ತಾರೆ ಆಂಟಿ, ಮೊದಲೇ ತಿಳಿಸಿದರೆ ಸಾಲಿನಲ್ಲಿ ನಿಲ್ಲಿಸುವುದಿಲ್ಲ ಎಂದಾಗ ಬಸವರಾಜೇಶ್ವರಿ ಹೂಂ ಎಂದಿದ್ದಳು. ಮಗನಿಗೆ ಹೇಳಿರಲಿಲ್ಲ.

‘ಯಾರು ಇದನ್ನ ತರಿಸಿದ್ದು?’

‘ಅವರೇ ಕಳಿಸಿರ್ಬೇಕು, ಮಿಲಿಟ್ರಿಯವರಿಗೆ ಅಂತ.’

‘ಇಲ್ಲ ಸಾರ್, ಮೂರು ದಿನದ ಹಿಂದೇನೇ ಬುಕ್ ಆಗಿದೆ’ ಎಂದ ಕುರ್ಚಿಯವನು ತನ್ನ ಕಾಗದವನ್ನು ದೂರ ಹಿಡಿದು ಓದುತ್ತ. ‘ತಾಯಿ ಕಡೆಯಿಂದ ಅಂತ ಹಾಕವ್ರೆ. ನಾನು ತಮ್ಮಣ್ಣ. ನಂದಿನಿ ಲೇಔಟು. ನೀವು ಬಸವೇಶ್ವರನಗರ ಅಂತಲ್ಲ, ಪಕ್ಕದೋರೇ ಆದ್ರಿ.’

ಕಲ್ಮೇಶ ತಾಯಿಯ ಕಡೆ ನೋಡಲಿಲ್ಲ. ‘ನಂಗೆ ಬೇಡ ಅಣ್ಣ. ಆರು ತಿಂಗಳು ಜ್ಞಾನಭಾರತಿ ಕ್ಯಾಂಪಸ್ಸಲ್ಲಿ ಬೆಳಗ್ಗೆ ಬೆಳಗ್ಗೆ ನಡೆದಿದ್ದು ಇದಕ್ಕೇನೇ. ಈ ಬಾಗ್ಲಿಂದ ವಿಮಾನದ ಬಾಗ್ಲಿಗೆ ನಾನೇ ನಡ್ಕೊಂಡು ಹೋಗ್ತೀನಿ, ಯಾರೂ ತಿರುಗಿ ನೋಡ್ದಂಗೆ.’

‘ನಡೀರಿ ಸಾರ್, ಯಾರ್ ಬೇಡ ಅಂದ್ರು. ಆದ್ರೆ ಯಾರಾದ್ರೂ ಒಬ್ರು ಕೂತ್ಕೊಳ್ಳಿ. ಖಾಲಿ ಗಾಡಿ ತಳ್ಕೊಂಡು ಹೋದ್ರೆ ಜನ ಒಂಥರಾ ನೋಡ್ತಾರೆ, ಯಾರೋ ಹೋಗ್ಬಿಟ್ರೇನೋ ಅಂತ.’

‘ಅಮ್ಮ ಕೂತ್ಕೋತಾಳೆ’ ಎಂದ ಕಲ್ಮೇಶ. ಶಿಕ್ಷೆ ಎಂಬುದು ಅವಳಿಗೆ ತಿಳಿಯಿತು. ಕೂತಳು. ಮಗ ಪಕ್ಕದಲ್ಲಿ ನಡೆದ. ಬಲ, ಎಡ, ಬಲ, ಎಡ. ಹೊಳೆಯುವ ಕಲ್ಲು ನೆಲದ ಮೇಲೆ ಬೂಟಿನ ಸದ್ದು ಸಮವಾಗಿ ಬೀಳುತ್ತಿತ್ತು. ನಿಜಕ್ಕೂ ಯಾರೂ ತಿರುಗಿ ನೋಡಲಿಲ್ಲ. ನೋಡಿದವರೆಲ್ಲ ನೋಡಿದ್ದು ಕುರ್ಚಿಯಲ್ಲಿ ಕೂತ, ಎರಡು ಕಾಲೂ ಗಟ್ಟಿಯಿರುವ ಅವಳನ್ನು. ಪೆಟ್ಟಿಗೆಯನ್ನು ಒಪ್ಪಿಸಿ, ಚೀಟಿ ಪಡೆದು, ಮುಂದೆ ಹೋಗುವಾಗ ಅವಳಿಗೆ ಆ ಎರಡು ಸದ್ದುಗಳ ಜೊತೆ ಮೂರನೆಯದೂ ಒಂದು ಇದ್ದಂತೆ ಕೇಳಿಸಿತು. ಕುರ್ಚಿಯ ಗಾಲಿಯಿರಬೇಕು ಎಂದುಕೊಂಡಳು. ಗಾಲಿ ಉರುಳುತ್ತದೆ, ಹೆಜ್ಜೆ ಹಾಕುವುದಿಲ್ಲ ಎಂಬುದು ಹೊಳೆದಾಗ ಬೆನ್ನು ನೆಟ್ಟಗಾಯಿತು. ತಿರುಗಿ ನೋಡಲಿಲ್ಲ.

ತಪಾಸಣೆಯ ಕಡೆ ಒಂದು ಪ್ರತ್ಯೇಕ ಸಾಲು. ಲೋಹ ಪತ್ತೆಹಚ್ಚುವ ಬಾಗಿಲ ಚೌಕಟ್ಟಿನ ಕೆಳಗೆ ಅವಳು ಇಳಿದು ನಡೆದಾಗ ಅದು ಕೂಗಿತು. ಅದು ಯಾವಾಗಲೂ ಕೂಗುತ್ತದೆ. ಎದೆಯ ಮೇಲೆ ಶಿವದಾರದಲ್ಲಿ ಲಿಂಗವಿರುವ ಬೆಳ್ಳಿಯ ಕರಡಿಗೆ ಇದೆ. ಪರದೆಯ ಹಿಂದೆ ಒಬ್ಬ ಹುಡುಗಿ ಲೋಹ ಹುಡುಕುವ ಕಡ್ಡಿಯಾಡಿಸಿ, ‘ಗೊತ್ತಾಯ್ತು ಬಿಡಿ ಆಂಟಿ, ನಮ್ಮ ದೊಡ್ಡಮ್ಮನ ಹತ್ರಾನೂ ಇದೆ’ ಎಂದು ಬಿಟ್ಟಳು. ಹೊರಗೆ ಬರುವಷ್ಟರಲ್ಲಿ ಕಲ್ಮೇಶನನ್ನು ಒಂದು ಕುರ್ಚಿಯಲ್ಲಿ ಕೂರಿಸಿದ್ದರು. ನರೆತ ಮೀಸೆಯ ಅಧಿಕಾರಿ, ಎದೆಯ ಪಟ್ಟಿಯಲ್ಲಿ ಹನುಮಯ್ಯ ಎಂದಿತ್ತು, ಅವನ ಮುಂದೆ ಮಂಡಿಯೂರಿದ್ದ.

‘ಕಾಲು ಬಿಚ್ಚೋದೇನೂ ಬೇಡ ಸಾರ್. ಬೂಟಷ್ಟೇ ಕೊಡಿ, ಬಟ್ಟೇಲಿ ಒಂದ್ಸಲ ಒರೆಸಿ ಮಿಷನ್ನಿಗೆ ತೋರಿಸ್ತೀನಿ. ಎರಡು ನಿಮಿಷ. ಎಲ್ಲಿ ಆಗಿದ್ದು?’

‘ಗಡೀಲಿ. ಹೋದ ವರ್ಷ.’

‘ನನ್ನ ತಮ್ಮನೂ ಅಲ್ಲೇ ಇದ್ದ’ ಎಂದ ಹನುಮಯ್ಯ. ಬೂಟು ತೆಗೆದು, ಕಾಲುಚೀಲದ ಮೇಲೆ ಬಿಳಿ ಪಟ್ಟಿ ಒರೆಸಿದ. ಸಿಡಿಮದ್ದು ಪತ್ತೆಹಚ್ಚುವ ಯಂತ್ರ ಹಸಿರು ತೋರಿಸಿತು. ಬೂಟು ಮತ್ತೆ ಹಾಕುವುದಕ್ಕೆ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದವನ ಕೈ ನಿಂತಿತು. ಹೆಬ್ಬೆರಳಿನಿಂದ ಒತ್ತಿದ. ಇನ್ನೊಮ್ಮೆ ಒತ್ತಿದ. ‘ಇಲ್ಲಿ ಏನೋ ಇದೆ ಸಾರ್.’

‘ಏನೂ ಇಲ್ಲ.’

‘ಗಟ್ಟಿಗೆ ಸಿಗ್ತಾ ಇದೆ.’

‘ನನ್ನ ಕಾಲಲ್ಲಿ ಏನಿದೆ ಅಂತ ನಂಗೆ ಗೊತ್ತಿಲ್ವಾ’ ಎಂದ ಕಲ್ಮೇಶ. ದನಿ ಏರಿರಲಿಲ್ಲ. ಹಿಂದಿನ ಸಾಲಿನವರು ಈಗ ನೋಡುತ್ತಿದ್ದರು. ಅವನು ಪ್ಯಾಂಟನ್ನು ಮೇಲಕ್ಕೆ ಸುತ್ತಿ, ಗುಂಡಿ ಒತ್ತಿ, ಎಲ್ಲರ ಎದುರಿಗೆ ಕಾಲನ್ನು ಕಳಚಿ ಹನುಮಯ್ಯನ ಕೈಗೆ ಕೊಟ್ಟ. ‘ಯಂತ್ರಕ್ಕೇ ಹಾಕಿ. ಅನುಮಾನ ಇಟ್ಕೋಬೇಡಿ.’ ಈಗ ಹೇಳಬೇಕು ಎಂದು ಬಸವರಾಜೇಶ್ವರಿ ಬಾಯಿ ತೆರೆದಳು. ನಂದು, ನಾನು ಇಟ್ಟದ್ದು. ಎರಡೇ ಮಾತು. ನಾಲಿಗೆಯ ಮೇಲೆ ಹಿಟ್ಟು ಮೆತ್ತಿದಂತೆ ಆಗಿ ಮಾತು ಏಳಲಿಲ್ಲ. ಮಗ ಅಷ್ಟು ನಂಬಿಕೆಯಿಂದ ಕೂತಿದ್ದ, ಮಡಿಸಿದ ಪ್ಯಾಂಟಿನ ಖಾಲಿ ತುದಿ ಕುರ್ಚಿಯಿಂದ ಇಳಿಬಿದ್ದಿತ್ತು. ನೀಲಿ ತಟ್ಟೆಯಲ್ಲಿ ಕಾಲನ್ನು ಉದ್ದಕ್ಕೆ ಮಲಗಿಸಿದರು. ತಟ್ಟೆ ಜನರ ಮೊಬೈಲು, ಬೆಲ್ಟು, ಬಳೆಗಳ ಹಿಂದೆ ನಿಧಾನವಾಗಿ ಸರಿದು ಕಪ್ಪು ಪಟ್ಟಿಗಳ ಪರದೆಯನ್ನು ಸರಿಸಿಕೊಂಡು ಒಳಗೆ ಹೋಯಿತು. ಆವತ್ತು ಕಾಲು ಬೆಂಕಿಗೆ ಹೋಗುವುದನ್ನು ನೋಡಿರಲಿಲ್ಲ, ಈಗ ಒಳಗೆ ಹೋಗುವುದನ್ನು ನೋಡಿದೆ ಎಂದುಕೊಂಡಳು.

ಅವಳು ನಿಂತ ಕಡೆಯಿಂದ ಯಂತ್ರದ ಒಳಗಿನದನ್ನು ತೋರಿಸುವ ಕಂಪ್ಯೂಟರ್ ಪರದೆಯ ಒಂದು ಅಂಚು ಕಾಣುತ್ತಿತ್ತು. ಚಿತ್ರ ಬಂತು, ಕಾಲಿನ ಲೋಹದ ಕೊಳವೆ ನೀಲಿಯಾಗಿ, ರಬ್ಬರು ಕಿತ್ತಳೆ ಬಣ್ಣದ ನೆರಳಾಗಿ, ಹಿಮ್ಮಡಿಯಲ್ಲಿ ಕಡಗ ಕಡುಗಪ್ಪು ಉಂಗುರವಾಗಿ. ಆ ಉಂಗುರದೊಳಗಿಂದ ಕೆಳಕ್ಕೆ ಒಂದು ಚಿಕ್ಕ ಪಾದ ಇತ್ತು. ಅಕ್ಕಿಕಾಳಿನಂಥ ಎಲುಬುಗಳು, ಐದು ಬೆರಳು, ಹೊರ ಅಂಚಿಗೆ ವಾಲಿಕೊಂಡ ಪಾದ. ದೊಡ್ಡ ಪಾದದೊಳಗೆ, ಗೂಡಿನಲ್ಲಿ ಕೂತಂತೆ. ಪರದೆಯ ಮುಂದೆ ಕೂತಿದ್ದ ಹೆಂಗಸು ತಟ್ಟೆಗಳು ಸಾಗುವ ಪಟ್ಟಿಯನ್ನು ನಿಲ್ಲಿಸಿದಳು. ‘ಸಾರ್, ಸ್ವಲ್ಪ ನೋಡಿ’ ಎಂದು ಬೆರಳಿಟ್ಟು ತೋರಿಸಿದ್ದು ಉಂಗುರವನ್ನು ಮಾತ್ರ. ಹನುಮಯ್ಯ ಬಗ್ಗಿ ನೋಡಿದ. ಅವರು ಇನ್ನೇನನ್ನೂ ಹೇಳಲಿಲ್ಲ. ಆದರೆ ಆ ಹೆಂಗಸು ತಲೆಯೆತ್ತಿ, ಯಾರನ್ನೂ ಕೇಳದವಳಂತೆ, ‘ಇವರ ಜೊತೆ ಮಗು ಇದೆಯಾ?’ ಎಂದಳು.

ಹನುಮಯ್ಯ ಅವರನ್ನು ಪಕ್ಕದ ಚಿಕ್ಕ ಕೋಣೆಗೆ ಕರೆದೊಯ್ದು ಪರದೆ ಎಳೆದ. ತಮ್ಮಣ್ಣ ಕಲ್ಮೇಶನನ್ನು ಗಾಲಿಕುರ್ಚಿಯಲ್ಲಿ ತಂದು ಬೆಂಚಿಗೆ ದಾಟಿಸಿ ಹೊರಗೆ ನಿಂತ. ಕೊನೆಗೂ ಅವನು ಆ ಕುರ್ಚಿಯಲ್ಲಿ ಕೂರುವಂತಾಯಿತು, ಇಪ್ಪತ್ತು ಹೆಜ್ಜೆಯ ದೂರಕ್ಕೆ, ಎಲ್ಲರ ಮುಂದೆ. ಹನುಮಯ್ಯ ಕವಚವನ್ನು ಸರಿಸಿ ಗಂಟು ತೆಗೆದು ಮೇಜಿನ ಮೇಲೆ ಬಿಚ್ಚಿದ. ಬೂದಿ, ಮಣ್ಣು, ಕಡಗ. ಕಲ್ಮೇಶ ಕಡಗವನ್ನು ನೋಡಿದ. ಆಮೇಲೆ ತಾಯಿಯನ್ನು ನೋಡಿದ. ಗಾಲಿಕುರ್ಚಿ ಕಂಡಾಗಿನಿಂದ ಅದೇ ಮೊದಲು.

‘ನಂದು’ ಎಂದಳು ಬಸವರಾಜೇಶ್ವರಿ. ‘ಅವನಿಗೆ ಗೊತ್ತಿಲ್ಲ ಸಾರ್. ವಿಭೂತಿ, ಅವರಪ್ಪನ ಸಮಾಧಿ ಮಣ್ಣು. ನಾನೇ ಬೆಳಗ್ಗೆ ಇಟ್ಟೆ.’

ಹನುಮಯ್ಯ ಮಣ್ಣನ್ನು ಬೆರಳಿನಿಂದ ಹರಡಿ ನೋಡಿದ. ಬೂದಿಯನ್ನೂ ಪಟ್ಟಿಯಲ್ಲಿ ಒರೆಸಿ ಹೊರಗೆ ಕಳಿಸಿದ, ಹಸಿರೇ ಬಂತು. ‘ಅಮ್ಮ, ನಾನು ನಿಮ್ಮನ್ನ ಅನುಮಾನ ಪಡ್ತಿಲ್ಲ. ಆದ್ರೆ ಕಾಲೊಳಗೆ ಬಚ್ಚಿಟ್ಟಿದ್ದು ಅಂತ ಆಯ್ತಲ್ಲ, ಮಣ್ಣು ಪುಡಿ ಇಲ್ಲಿಂದ ಒಳಗೆ ಬಿಡೋಕಾಗಲ್ಲ. ಪೆಟ್ಟಿಗೇಲಿ ಇಟ್ಟಿದ್ರೆ ಯಾರೂ ಕೇಳ್ತಿರಲಿಲ್ಲ. ಈಗ ಪೆಟ್ಟಿಗೆ ಹೋಗಿದೆ. ಕಡಗ ತಗೊಂಡು ಹೋಗಿ, ಅದಕ್ಕೇನಿಲ್ಲ. ಇದನ್ನ...’ ಎಂದು ಬಟ್ಟೆಯ ನಾಲ್ಕು ತುದಿಗಳನ್ನು ನಾಜೂಕಾಗಿ ಕೂಡಿಸಿದ. ಮೂಲೆಯಲ್ಲಿ ಒಂದು ಹಳದಿ ಡಬ್ಬಿಯಿತ್ತು. ‘ನೀವು ವಾಪಸ್ ತಗೊಂಡು ಹೋಗ್ತೀರಾ, ಇಲ್ಲ ನಾವೇ ಏನಾದ್ರೂ ಮಾಡ್ಬಿಡೋಣ್ವಾ?’

ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಅದೇ ಮಾತು, ಅದೇ ಮೃದು ದನಿ, ಪ್ರಶ್ನೆಯ ಮೊದಲು ಅದೇ ತಡೆ. ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು, ಹಿಟ್ಟಿರಲಿಲ್ಲ.

‘ಅವರಿಗೇ ಕೊಟ್ಬಿಡಮ್ಮ’ ಎಂದ ಕಲ್ಮೇಶ ಸುಸ್ತಾಗಿ. ‘ನೀನು ವಾಪಸ್ ಹೋದ್ರೆ ನಿನ್ನ ವಿಮಾನ ತಪ್ಪುತ್ತೆ. ಬೂದಿ ತಾನೆ.’

‘ಆವತ್ತೂ ಹಿಂಗೇ ಕೇಳಿದ್ರು ಕಣೋ.’

‘ಯಾವತ್ತು?’

‘ನಿನ್ನ ಕಾಲು ತೆಗೆದ ದಿವಸ. ಬೇಕಾ, ನಾವೇ ಏನಾದ್ರೂ ಮಾಡೋದಾ ಅಂತ. ನಂಗೆ... ಅಸಹ್ಯ ಆಯ್ತು ಕಲ್ಮೇಶ. ನೀವೇ ಮಾಡ್ಬಿಡಿ ಅಂದ್ಬಿಟ್ಟೆ. ಸುಟ್ರು.’

ಹನುಮಯ್ಯ ಗೋಡೆಯ ಕಡೆ ತಿರುಗಿ ನಿಂತ. ಕಲ್ಮೇಶ ಕಡಗವನ್ನು ಎತ್ತಿ, ಅದರೊಳಗೆ ಎರಡು ಬೆರಳು ಹಾಕಿ ತಿರುಗಿಸಿದ. ಮೂರನೆಯದು ಹಿಡಿಸಲಿಲ್ಲ. ಅವನು ಬೈಯಬಹುದು, ಇನ್ನು ಮಾತೇ ಆಡದಿರಬಹುದು ಎಂದು ಅವಳು ಕಾದಳು. ಅವನು ಕೇಳಿದ್ದು ಬೇರೆ.

‘ಮಧ್ಯಾಹ್ನ ನಾನು ಮಲಗಿದ್ದಾಗ ನಡುಮನೇಲಿ ಓಡಾಡ್ತಿದ್ದಿದ್ದು ನೀನಲ್ವಾ?’

‘ನಾನು ಅಡುಗೆಮನೇಲಿ ಕೂತಿರ್ತಿದ್ದೆ.’

‘ಕುಂಟ್ಕೊಂಡು ಯಾಕೆ ಓಡಾಡ್ತಾಳೆ ಅಂತ ಅಂದ್ಕೊಳ್ತಿದ್ದೆ. ನನ್ನನ್ನ ಆಡಿಕೊಳ್ತಾ ಇದೀಯೇನೋ ಅಂತಾನೂ ಒಂದ್ಸಲ...’ ಎಂದು ನಿಲ್ಲಿಸಿದ. ‘ಎದ್ದು ನೋಡೋಕೆ ಭಯ ಆಗ್ತಿತ್ತು.’

ಹೊರಗೆ ಯಾವುದೋ ವಿಮಾನದ ಕೊನೆಯ ಕರೆ ಕೂಗಿದರು. ಅವರದಲ್ಲ. ಬಸವರಾಜೇಶ್ವರಿ ಮೇಜಿನ ಹತ್ತಿರ ಹೋಗಿ, ಮಗನ ಬೆರಳಿನಿಂದ ಕಡಗ ಬಿಡಿಸಿಕೊಂಡು ಬೂದಿಯ ನಡುವೆ ಇಟ್ಟು, ಬಟ್ಟೆಯನ್ನು ಗಂಟು ಹಾಕಿದಳು. ‘ನಾನೇ ತಗೊಂಡು ಹೋಗ್ತೀನಿ ಸಾರ್’ ಎಂದಳು. ಹನುಮಯ್ಯ ತಲೆಯಾಡಿಸಿ ಕಾಗದ ಬರೆಯಲು ಕೂತ.

‘ಅಮ್ಮ, ಹಂಗಾದ್ರೆ ನಾನೊಬ್ನೇ...’

‘ನೀನು ಬೆಳಗ್ಗೆಯಿಂದ ಕೇಳ್ತಿದ್ದಿದ್ದು ಅದನ್ನೇ ಅಲ್ವೇನೋ. ನಡ್ಕೊಂಡು ಹೋಗು. ಕೈಚೀಲದಲ್ಲಿ ಚಪಾತಿ ಇದೆ, ಚಟ್ನಿಪುಡಿ ಬೇರೆ ಕಟ್ಟಿದೀನಿ.’

‘ಅದೂ ಪುಡೀನೇ’ ಎಂದ. ಹನುಮಯ್ಯ ಬರೆಯುತ್ತಲೇ, ‘ಚಟ್ನಿಪುಡಿ ಹೋಗ್ಲಿ ಬಿಡಿ’ ಎಂದ.

ಕಲ್ಮೇಶ ಕಾಲನ್ನು ಕೂರಿಸಿಕೊಂಡು, ಬೂಟಿನ ದಾರಕ್ಕೆ ಎರಡು ಸುತ್ತು ಹಾಕಿ, ಬೆಳಗ್ಗೆ ಅವಳೂ ಹೀಗೇ ಕಟ್ಟಿದ್ದು ಹೊಳೆದಂತೆ ಗಂಟನ್ನು ಕ್ಷಣ ನೋಡಿದ. ಎದ್ದು ನಿಂತು ಭಾರ ಹಾಕಿ ನೋಡಿದ. ‘ಹಗುರ ಆಯ್ತು’ ಎಂದ. ಪರದೆಯ ಹತ್ತಿರ ಹೋದವನು ತಿರುಗಿದ. ‘ಎಲ್ಲಿ ಇಡ್ತೀಯ?’

‘ನಿಮ್ಮಪ್ಪನ ಪಕ್ಕ.’

‘ಕೂರಿಸ್ತೀಯಾ?’

ಕಾಲನ್ನು ಹೇಗೆ ಕೂರಿಸುವುದು ಎಂದು ಅವಳು ಯೋಚಿಸಿರಲಿಲ್ಲ. ‘ಕೂರಿಸ್ತೀನಿ ಕಣೋ’ ಎಂದಳು.

ಅವನು ಹೋದ. ದೂರದವರೆಗೂ ಅವಳು ನಿಂತು ಕೇಳಿದಳು. ಬಲ, ಎಡ, ಬಲ, ಎಡ. ಎಡಗಾಲು ಈಗ ನೇರವಾಗಿ ಬೀಳುತ್ತಿತ್ತು, ಯಾರದೋ ಕಾಲಿನಂತೆ. ಹೊರ ಅಂಚಿನ ಸದ್ದು ಅದರಲ್ಲಿ ಇರಲಿಲ್ಲ. ಅಂಗಡಿಗಳ ಬೆಳಕಿನಲ್ಲಿ, ಚೀಲ ಹೊತ್ತ ಜನರ ನಡುವೆ ಅವನು ಎಲ್ಲರಂತೆ ಒಬ್ಬನಾಗಿ ಕರಗಿಹೋದ. ಯಾರೂ ತಿರುಗಿ ನೋಡಲಿಲ್ಲ. ಅವನು ಕೂಡ.

ಅವಳನ್ನು ಹೊರಗೆ ಬಿಟ್ಟು ಬರುವ ಕೆಲಸ ತಮ್ಮಣ್ಣನದಾಯಿತು. ಚೌಕಟ್ಟಿನ ಕೆಳಗಲ್ಲ, ಪಕ್ಕದಲ್ಲಿ ಹಗ್ಗ ಸರಿಸಿ ಹನುಮಯ್ಯನೇ ದಾರಿ ಮಾಡಿಕೊಟ್ಟ. ‘ಕೂತ್ಕೊಳ್ಳಿ ಅಮ್ಮ’ ಎಂದ ತಮ್ಮಣ್ಣ. ‘ಬೇಡಪ್ಪ, ನಡೀತೀನಿ’ ಎಂದು ಅವಳು ಗಂಟನ್ನು ಕುರ್ಚಿಯ ಮೇಲಿಟ್ಟಳು, ಯಾಕೆಂದು ತಿಳಿಯದೆ. ಬರುವವರ ಎದುರಿಗೆ, ಹೋಗುವವರೇ ಇಲ್ಲದ ದಿಕ್ಕಿಗೆ ಹತ್ತು ಹೆಜ್ಜೆ ಹಾಕಿರಬಹುದು. ಹಿಂದೆ ಚೌಕಟ್ಟು ಕೂಗಿತು.

ತಿರುಗಿದಳು. ಚೌಕಟ್ಟಿನೊಳಗೆ ಯಾರೂ ಇರಲಿಲ್ಲ. ಆ ಸಾಲಿನಲ್ಲೇ ಯಾರೂ ಇರಲಿಲ್ಲ. ಎಡಗಡೆಯ ಕಂಬದಲ್ಲಿ, ಕೆಳಗೆ, ಪಾದದ ಎತ್ತರದಲ್ಲಿ, ಲೋಹ ಇರುವ ಜಾಗ ತೋರಿಸುವ ಕೆಂಪು ದೀಪ ಒಂದೇ ಒಂದು ಹೊತ್ತಿತ್ತು. ಪರದೆಯ ಮುಂದಿನ ಹೆಂಗಸು ಎದ್ದು ನಿಂತಿದ್ದಳು. ಹನುಮಯ್ಯ ದೀಪವನ್ನು ನೋಡಿದ, ಬಸವರಾಜೇಶ್ವರಿಯನ್ನು ನೋಡಿದ. ‘ಒಂದೊಂದ್ಸಲ ಹಿಂಗಾಗುತ್ತೆ’ ಎಂದು ಯಾರಿಗೋ ಹೇಳಿದ. ಹಾಗೆ ಹೇಳುತ್ತಲೇ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಹಿರಿಯರಿಗೆ ದಾರಿ ಬಿಡುವವನಂತೆ ಗೋಡೆಗೆ ಒತ್ತಿ ನಿಂತ. ದೀಪ ಆರಿತು.

ಕಲ್ಲು ನೆಲದ ಮೇಲೆ ಬರಿಗಾಲಿನ ಒಂದು ಹೆಜ್ಜೆ. ಇನ್ನೊಂದು ಬೀಳಬೇಕಾದ ಹೊತ್ತು. ಮತ್ತೆ ಒಂದು ಹೆಜ್ಜೆ. ಅವಳಿಗೆ ಭಯವಾಗಲಿಲ್ಲ, ಅಸಹ್ಯವೂ ಆಗಲಿಲ್ಲ. ನಡಿಗೆ ಕಲಿಯುವಾಗ ಅವನು ಹೀಗೇ ಎಡಗಾಲು ಮುಂದಿಟ್ಟು, ನಿಂತು, ಅವಳ ಮುಖ ನೋಡಿ, ಮತ್ತೆ ಎಡಗಾಲನ್ನೇ ಇಡುತ್ತಿದ್ದ. ಅವಳು ಎರಡು ಮಾರು ದೂರದಲ್ಲಿ ಕುಕ್ಕರಗಾಲಿನಲ್ಲಿ ಕೂತು ಕೈ ಚಾಚಿ ಕಾಯುತ್ತಿದ್ದಳು. ಈಗಲೂ ನಿಂತು ಕಾದಳು. ಹೆಜ್ಜೆ ಹತ್ತಿರ ಬಂತು, ಅವಳ ಸೀರೆಯ ನೆರಿಗೆಯನ್ನು ಸವರಿ ಕುರ್ಚಿಯವರೆಗೆ ಹೋಯಿತು. ಆಮೇಲೆ ಕೇಳಿಸಲಿಲ್ಲ. ಕುರ್ಚಿಯ ಬಟ್ಟೆಯ ಆಸನ ಒಂದಿಷ್ಟು ತಗ್ಗಿತು.

ತಮ್ಮಣ್ಣ ಹಿಡಿಯನ್ನು ಹಿಡಿದು ತಳ್ಳಲು ಹೊರಟವನು ತಡೆದ. ಬಗ್ಗಿ ಗಾಲಿ ನೋಡಿದ, ಏನೂ ಸಿಕ್ಕಿಕೊಂಡಿರಲಿಲ್ಲ. ಮತ್ತೆ ತಳ್ಳಿದ.

‘ಮೆಲ್ಲಗೆ’ ಎಂದಳು ಬಸವರಾಜೇಶ್ವರಿ.

‘ಖಾಲಿ ಗಾಡಿ ಅಲ್ವಾ ಅಮ್ಮ.’

‘ಆದ್ರೂ ಮೆಲ್ಲಗೆ ತಳ್ಳಪ್ಪ.’